ಶಾಂತಕ್ಕನ ಗಿಡಕ್ಕೆ ನೀರು ಹಾಕಬೇಡಿ

ಶಾಂತಕ್ಕಾ,

ನೀನೇನೋ ಸತ್ತು ಪಾರಾದಿ. ನಿನ್ನ ಪಾಮ್ ಗಿಡ ನನ್ನ ಕೊರಳಿಗೆ ಬಿತ್ತು.

ನಿನ್ನ ಕಟ್ಟೆಯಿಂದ ಎದುರಿನ ನನ್ನ ಕಟ್ಟೆಗೆ ಅದನ್ನು ಹೊತ್ತು ತಂದ ದಿನ ಎದೆಮಟ್ಟ ಹಸಿರಾಗಿತ್ತು. ಬಂದ ಮೇಲೆ ಗರಿ ಹಳದಿಗಟ್ಟಿತು, ತುದಿ ಕಂದಿತು. ಎಷ್ಟು ನೀರು, ಎಷ್ಟು ಬಿಸಿಲು, ಒಂದು ಮಾತು ಹೇಳಿ ಹೋಗಬಾರದಿತ್ತೇನು? ನೀರಿನ ಹೋರಾಟದಲ್ಲಿ ಮೈಕು ಸಿಕ್ಕರೆ ಬಿಡದವಳಿಗೆ ಇದಕ್ಕೆ ಮಾತು ಬರಲಿಲ್ಲ!

ನಳದ ನೀರು ಬಂದ ದಿನ ಗುಟ್ಟು ತಿಳಿಯಿತು. ಬೆಟಗೇರಿಯಲ್ಲಿ ನಳ ಯಾವಾಗ ಬರ್ತೈತಿ ಅಂತ ನಿನಗೆ ನಾನು ಹೇಳಬೇಕೇನು? ಬಂತೆಂದರೆ ಓಣಿಯೆಲ್ಲ ಬ್ಯಾರಲ್‌ನ ಹಳೆ ನೀರು ತೆಗೆದು ಹೊಸದು ತುಂಬುತ್ತದೆ. ಆ ಹಳೆ ನೀರೆಲ್ಲ ಎಲ್ಲಿಗೆ? ನಿನ್ನ ಗಿಡಕ್ಕೆ! "ಶಾಂತಕ್ಕನ ಗಿಡಾರಿ" ಅಂತ ಒಬ್ಬೊಬ್ಬರದೂ ಒಂದೊಂದು ಕೊಡ. ಎರಿಮಣ್ಣು ಕಟ್ಟಿ ಕುಂಡದ ತೂತು ಮುಚ್ಚಿತ್ತು, ಬೇರು ನಾರುತ್ತಿತ್ತು. ನೀರಿಲ್ಲದ ಊರಲ್ಲಿ ಒಂದು ಗಿಡ ನೀರು ಹೆಚ್ಚಾಗಿ ಸಾಯಾಕತ್ತೈತಿ ಅಂದರೆ ಯಾರು ನಂಬುತ್ತಾರೆ?

ಹಲಗೆ ಬರೆದು ನಿಲ್ಲಿಸಿದೆ: ನೀರು ಹಾಕಬೇಡಿ. ಮುಂದಿನ ಸಲ ನಳ ಬಂದಾಗ ನಿನ್ನ ಹೋರಾಟದ ಹೆಣ್ಣುಮಕ್ಕಳೆಲ್ಲ ಕೊಡ ಹೊತ್ತು ನನ್ನ ಬಾಗಿಲಿಗೇ ಧರಣಿಗೆ ಬಂದರು. "ನೀರು ನಮ್ಮ ಹಕ್ಕು!" ಆ ಘೋಷಣೆ ನಿನಗೆ ಬರೆದುಕೊಟ್ಟವನು ನಾನು, ಅಕ್ಕಾ. ನನಗೇ!

ಮುಂದೆ ನಿಂತವಳು ನಿನ್ನ ಬಾಜೂ ಮನೆಯ ಗಂಗವ್ವ. "ಏನ್ರಿ ಸಾಹೇಬ್ರ, ಯಾವಾಗ ಆಫೀಸರ್ ಆದ್ರಿ? ನೀರಿಗೆ ಬೋರ್ಡ್ ಹಾಕೀರಿ?"

"ಬೇರು ಕೊಳೆತೈತಿ ಗಂಗವ್ವಾ, ನೋಡಿಲ್ಲೆ," ಅಂತ ಮಣ್ಣು ಕೆದರಿ ಕರ್ರಗಾದ ಬೇರು ತೋರಿಸಿದೆ. "ಮಣ್ಣು ಒಣಗಿದ ಮ್ಯಾಲಷ್ಟ ನೀರ ಹಾಕಬೇಕು."

ಅವಳು ಬೇರು ನೋಡಲಿಲ್ಲ. "ದವಾಖಾನಿಯೊಳಗೂ ಹಿಂಗ ಅಂದಿ. ಶಾಂತಕ್ಕನ ಕಿಡ್ನಿ ಹೋಗ್ಯಾವ, ನೀರ ಕೊಡಬ್ಯಾಡ್ರಿ ಅಂದ್ರು ಡಾಕ್ಟರ್ರು. ನೀನೂ ಬ್ಯಾಡ ಅಂದಿ. ಆಕಿ ನೀರ ನೀರ ಅಂತನ ಹೋದ್ಲು. ಈಗರ ಕುಡೀಲಿ ಬಿಡೋ, ತಮ್ಮಾ."

ಓಣಿಗೆಲ್ಲ ನೀರು ಕೇಳಿದವಳಿಗೆ ಕಡೆಗೆ ನಾವು ಒಂದು ಗುಟುಕು...

ಗಿಡ ಸಾಯಿಸಿದರೆ ನಿನ್ನ ನೀರಡಿಕೆ ತೀರುತ್ತದೇನು ಅಂತ ಕೇಳಬೇಕಿತ್ತು. ಅದರ ಬದಲು ಗಂಗವ್ವನ ಕೊಡ ಕಸಿದು ಅಲ್ಲೇ ಎತ್ತಿ ಕುಡಿದೆ. ಅಂಗಿಯೆಲ್ಲ ತೊಯ್ದಿತು.

"ಯವ್ವಾ, ಅದು ಹಳೆ ನೀರೋ!" ಅಂತ ಯಾರೋ ಚೀರಿದರು.

"ಇರ್ಲಿ. ಆಕಿ ಹೆಸರಲೆ ನಾ ಕುಡೀತೇನಿ. ಗಿಡ ಬಿಡ್ರಿ."

ಗಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ತಾನೇ ಕುಡುಗೋಲು ತಂದು ಕೊಳೆತ ಬೇರು ಕೊಯ್ದಳು. ಮಣ್ಣಿಗೆ ಉಸುಕು ಬೆರೆಸಿ, ಬೇರೆ ಕುಂಡಕ್ಕಿಟ್ಟೆವು. ಈಗ ನಡುವೆ ಹೊಸ ಸುಳಿ ಬಂದೈತಿ.

ಆದರೆ ನಿನ್ನ ಸೈನ್ಯ ನನ್ನನ್ನು ಬಿಟ್ಟಿಲ್ಲ, ಅಕ್ಕಾ. ನಳ ಬಂದಾಗೊಮ್ಮೆ ಗಂಗವ್ವ ಹೊಸ ನೀರಿನ ಚರಿಗಿ ಹಿಡಿದು ಮೊದಲು ನನ್ನ ಬಾಗಿಲಿಗೆ ಬರುತ್ತಾಳೆ. ಚರಿಗಿ ಬರಿದಾಗುವ ತನಕ ಕದಲುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಸಿಟ್ಟು ಬರುತ್ತದೆ. ಆದರೂ ಒಂದು ಹನಿ ಬಿಡುವುದಿಲ್ಲ ನಾನು.