ಬಾಳೆಮೀನಿಗೆ ಹದಿನೇಳರ ಮಗ್ಗಿ

ಆಲಮೇಲ,
೧೦ ಡಿಸೆಂಬರ್ ೨೦೨೫, ಬುಧವಾರ

ಪ್ರೀತಿಯ ಅಣ್ಣ ತಬ್ರೇಜನಿಗೆ ತಂಗಿ ಯಾಸ್ಮಿನಳ ಸಲಾಂ.

ಬಸವನ ಬಾಗೇವಾಡಿಯಲ್ಲಿ ನೀನು, ಅತ್ತಿಗೆ, ಮಗಳು ಅಲ್ಮಾಸ ಎಲ್ಲರೂ ಆರಾಮಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಬಲಭುಜದ ನೋವು ಈಗ ಹೇಗಿದೆ? ವಿಡಿಯೊದಲ್ಲಿ ಅಬ್ಬಾನ ಗಾಳದ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಅರ್ಧ ತಾಸು ಮಾತಾಡುತ್ತೀಯಲ್ಲ, ಅದರಿಂದಲೇ ಬಂದಿರಬೇಕು. ಮೀನು ಎಳೆದು ಬಂದ ನೋವಂತೂ ಅಲ್ಲ. ಎಣ್ಣೆ ಬಿಸಿ ಮಾಡಿ ಹಚ್ಚಿಸಿಕೋ. ಅಲ್ಮಾಸ ಈ ವರ್ಷ ಲೆಕ್ಕದಲ್ಲಿ ಬಹಳ ಮುಂದಿದ್ದಾಳೆಂದು ಅತ್ತಿಗೆ ಹೇಳಿದರು, ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇಲ್ಲಿ ಚಳಿ ಬಿದ್ದ ಮೇಲೆ ಅಮ್ಮಾನ ಮೊಣಕಾಲು ಮತ್ತೆ ಹಿಡಿದುಕೊಂಡಿದೆ. ನಮ್ಮ ಯಜಮಾನರು ನಿಯಾಜ ಅವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮು ಶುರುವಾಗಿದೆ, ಮನೆಗೆ ಬರುವುದು ಉಣ್ಣಲಿಕ್ಕೆ ಮತ್ತು ಮಲಗಲಿಕ್ಕೆ ಮಾತ್ರ. ನನ್ನ ಹೊಲಿಗೆ ಮಷಿನ್ನು ನಡೆಯುತ್ತಿದೆ. ಫೋನಿದ್ದೂ ಕಾಗದ ಯಾಕೆ ಬರೆದಳು ಎಂದುಕೊಳ್ಳಬೇಡ. ಫೋನಿನಲ್ಲಿ ನೀನು ಒಂದು ದಿನವೂ ನನ್ನ ಮಾತು ಮುಗಿಯಲು ಬಿಟ್ಟವನಲ್ಲ. ಕಾಗದವನ್ನು ಕೊನೆಯ ತನಕ ಓದಲೇಬೇಕಾಗುತ್ತದೆ.

ವಿಷಯ ಏನೆಂದರೆ, ನಾನು ಗಾಳ ಹಾಕಲು ಶುರುಮಾಡಿದ್ದೇನೆ. ನಗಬೇಡ. ಕಲಿಸಿದವನು ನೀನೇ. ಹೊಸದಾಗಿ ಗಾಳ ಹಿಡಿಯುವವರಿಗೆಂದು ಫೋನಿನಲ್ಲಿ ಪಾಠ ಮಾಡುತ್ತೀಯಲ್ಲ, ಎಂಟು ಸಾವಿರ ಮಂದಿ ನೋಡುತ್ತಾರೆಂದು ಅಮ್ಮಾನ ಮುಂದೆ ಹೇಳಿಕೊಂಡಿದ್ದೆಯಲ್ಲ, ಅದರಲ್ಲಿ ನಾನೂ ಒಬ್ಬಳು. ಆಗಸ್ಟ್ ತಿಂಗಳಲ್ಲಿ ಗಿರಾಕಿಯೊಬ್ಬಳು ಜಂಪರ್ ಅಳತೆ ಕೊಡಲು ಬಂದವಳು ನಿನ್ನ ಮೊದಲನೆಯ ಪಾಠ ತೋರಿಸಿದಳು. ನಿನ್ನ ಹಿಂದೆ ಗೋಡೆಯ ಮೇಲೆ ನೀನು ಹನ್ನೊಂದು ಕಿಲೋದ ಬಾಳೆಮೀನು ಎತ್ತಿ ಹಿಡಿದ ಫೋಟೋದ ನಕಲು, ಕೈಯಲ್ಲಿ ಅಬ್ಬಾ ತಾವೇ ಬಿದಿರು ಕಾಯಿಸಿ ತಾಮ್ರದ ತಂತಿ ಸುತ್ತಿ ಮಾಡಿದ ಕೋಲು. ನೀನು ಹೇಳುತ್ತಿದ್ದೆ, ಹದಿನಾರನೆಯ ವಯಸ್ಸಿನಲ್ಲಿ ಒಬ್ಬನೇ ಈ ಮೀನು ಹಿಡಿದೆನೆಂದು, ಆಗ ನಿನ್ನ ತಂಗಿ ಹೆದರಿ ಕಿರುಚುತ್ತ ಗಿಡದ ಹಿಂದೆ ಅಡಗಿದ್ದಳೆಂದು. ಗಿರಾಕಿ ನನ್ನ ಮುಖ ನೋಡಿ ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ಅವಳ ಜಂಪರಿನ ಎರಡೂ ತೋಳು ತಿರುವುಮುರುವಾಗಿ ಹೊಲಿದು ಮತ್ತೆ ಬಿಚ್ಚಿದೆ. ಇಪ್ಪತ್ತನಾಲ್ಕು ವರ್ಷ ಆ ಫೋಟೋವನ್ನು ನಮ್ಮ ಪಡಸಾಲೆಯಲ್ಲಿ ಧೂಳು ಒರೆಸಿ ಒರೆಸಿ ಇಟ್ಟವಳು ನಾನು. ಸುಮ್ಮನಿದ್ದವಳನ್ನು ಗಿಡದ ಹಿಂದೆ ಅಡಗಿಸುವ ಜರೂರಿ ಏನಿತ್ತು ನಿನಗೆ?

ನಿನಗೆ ಮರೆತಿದ್ದರೆ ನೆನಪು ಮಾಡುತ್ತೇನೆ. ಆ ದಿನ ಅಬ್ಬಾ ಕೋಲನ್ನು ಹೊಳೆದಂಡೆಯ ಮರಳಿನಲ್ಲಿ ಊರಿ, ನನ್ನನ್ನು ಕಾವಲಿಗೆ ಕೂರಿಸಿ, ಅಮೀನುದ್ದೀನ ಕಾಕಾನ ಜೊತೆ ದಿಬ್ಬದ ಮೇಲೆ ಬೇವಿನ ಗಿಡದ ಕಡೆ ಅಸರ್ ನಮಾಜಿಗೆ ಹೋಗಿದ್ದರು. ನೀನು ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದೆ. ದಾರ ಹೊರಟಿತು. ಅಬ್ಬಾ ಸಾಲಿ ಮಾಸ್ತರರಲ್ಲವೇ, ಗಾಳ ಹಾಕುವುದಕ್ಕೂ ಅವರದೊಂದು ಪಾಠವಿತ್ತು: "ಬಾಳಿಮೀನ ತುತ್ತ ಬಾಯಾಗ ಹಿಡಕೊಂಡು ಮೊದಲ ಓಡತೈತಿ, ಆಮ್ಯಾಲ ನಿಂತು ನುಂಗತೈತಿ. ಓಡೂವಾಗ ಎಳದರ ಬರೇ ಗಾಳ ಬರತೈತಿ. ಹದಿನೇಳರ ಮಗ್ಗಿ ಪೂರ್ತಿ ಅನ್ನು, ಆಮ್ಯಾಲ ಎಳಿ." ಬೇರೆಯವರು ಬೀಡಿ ಸೇದಿ ಕಾಯುತ್ತಿದ್ದರು, ನಮ್ಮ ಮನೆಯವರು ಮಾತ್ರ ಮಗ್ಗಿ ಹೇಳಿ ಕಾಯುತ್ತಿದ್ದರು. ನಾನು ಹೇಳಿದೆ. ಹದಿನೇಳ ಒಂದ್ಲೆ ಹದಿನೇಳು, ಎರಡ್ಲೆ ಮೂವತ್ನಾಲ್ಕು, ತುಟಿ ಅಲ್ಲಾಡಿಸದೆ ಹತ್ತರ ತನಕ ಹೇಳಿ ಎಳೆದೆ. ಕೋಲು ಬಗ್ಗಿತು, ದಾರ ಅಂಗೈ ಕೊಯ್ದಿತು, ಸೊಂಟದ ತನಕ ನೀರಿಗೆ ಇಳಿದೆ. ಕಿರುಚಲಿಲ್ಲ ಅಣ್ಣಾ. ಕಿರುಚಿದ್ದರೆ ನೀನು ಮೊದಲೇ ಏಳುತ್ತಿದ್ದೆ. ಮೀನು ದಣಿದು ದಡಕ್ಕೆ ಬಂದು ಹೊಟ್ಟೆ ತೋರಿಸಿದಾಗ ನೀನು ಎದ್ದು ಬಂದು ನನ್ನನ್ನು ಬದಿಗೆ ತಳ್ಳಿ, ಕಿವಿರಿಗೆ ಕೈ ಹಾಕಿ ಎತ್ತಿ, ದಿಬ್ಬ ಇಳಿಯುತ್ತಿದ್ದ ಅಬ್ಬಾನಿಗೆ ಹೇಳಿದೆ: "ನೋಡ್ರಿ ಅಬ್ಬಾ, ನಾನ ಹಿಡದೆ." ಅಬ್ಬಾ ನಿನ್ನನ್ನು ತಬ್ಬಿಕೊಂಡರು. ಹನ್ನೆರಡು ವರ್ಷದವಳು ಇನ್ನೇನು ಹೇಳಲಿ? ರಾತ್ರಿ ಅಬ್ಬಾ ನನ್ನ ಅಂಗೈಗೆ ಅರಿಶಿಣ ಹಚ್ಚುತ್ತ ಏನಾಯಿತೆಂದು ಕೇಳಿದರು. ಜಾಲಿಮುಳ್ಳು ಅಂದೆ. ಆ ಗೆರೆ ಈಗಲೂ ಇದೆ, ಕತ್ತರಿ ಹಿಡಿದಾಗಲೆಲ್ಲ ಕತ್ತರಿಯ ಉಂಗುರ ಸರಿಯಾಗಿ ಅದರ ಮೇಲೆಯೇ ಕೂರುತ್ತದೆ.

ಇಷ್ಟನ್ನೂ ನುಂಗಿಕೊಂಡಿದ್ದೆ. ಅಬ್ಬಾ ತೀರಿಕೊಂಡ ಮೂರನೆಯ ದಿನ, ಜಿಯಾರತ್ ಮುಗಿದು ಮಂದಿ ಇನ್ನೂ ಅಂಗಳದಲ್ಲಿರುವಾಗಲೇ ನೀನು ಕೋಲನ್ನು ಚಾದರದಲ್ಲಿ ಸುತ್ತಿ ಕಾರಿನ ಮೇಲೆ ಕಟ್ಟುತ್ತಿದ್ದೆ. ಅಬ್ಬಾನ ನೆನಪಿಗೆ ಅದೊಂದು ನನಗಿರಲಿ ಎಂದು ಕೇಳಿದೆ. ಮನೆ ಕೇಳಲಿಲ್ಲ, ಹೊಲ ಕೇಳಲಿಲ್ಲ, ಒಂದು ಬಿದಿರಿನ ಕೋಲು ಕೇಳಿದೆ. ಎಲ್ಲರೆದುರು ನೀನು ಅಂದದ್ದು: "ನಿನಗ್ಯಾಕ ಬೇಕವ್ವಾ ಇದು, ಒಗದ ಅರಬಿ ಒಣಹಾಕಾಕೇನು?" ನಿನ್ನ ಮಾವ ಮುದ್ದೇಬಿಹಾಳದಿಂದ ಬಂದಿದ್ದರಲ್ಲ, ಅವರು ಎಷ್ಟು ಜೋರಾಗಿ ನಕ್ಕರೆಂದರೆ ಒಳಗೆ ಇದ್ದತ್ತಿನ ಶೋಕಕ್ಕೆ ಕೂತಿದ್ದ ಅಮ್ಮಾ ತಲೆ ಎತ್ತಿ ನೋಡಿದಳು. ಆ ನಗು ನನ್ನ ಕಿವಿಯಲ್ಲಿ ವರ್ಷವಿಡೀ ಮನೆ ಮಾಡಿಕೊಂಡು ಕೂತಿತ್ತು. ನಿನ್ನ ವಿಡಿಯೊ ಅದಕ್ಕೆ ಬಾಗಿಲು ತೆರೆಯಿತು ಅಷ್ಟೆ.

ಹಾಗಾಗಿ ಸಿಂದಗಿಗೆ ಹೋಗಿ, ನೀನು ಎರಡನೆಯ ಪಾಠದಲ್ಲಿ ಹೇಳಿದಂಥದ್ದೇ ಮಡಚುವ ಕೋಲು, ರೀಲು, ನೈಲಾನ್ ದಾರ ತಂದೆ. ರೀಲಿನಿಂದ ದಾರ ಬಿಡುವುದು ಹೊಸಬರಿಗೆ ಒಂದು ತಿಂಗಳ ಕೆಲಸ ಎಂದಿದ್ದೆ. ಬಾಬಿನ್ನಿಗೆ ದಾರ ಸುತ್ತಿಯೇ ಹೊಟ್ಟೆ ಹೊರೆಯುವವಳಿಗೆ ಎರಡು ಭಾನುವಾರ ಸಾಕಾಯಿತು. ನೀನು ಕಲಿಸಿದ ಗಂಟು ಮೂರು ಸಲ ಬಿಚ್ಚಿಕೊಂಡಿತು, ಗುಂಡಿಗೆ ಹಾಕುವ ನನ್ನ ಗಂಟು ಇದುವರೆಗೆ ಬಿಚ್ಚಿಲ್ಲ. ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ ಕಲಸಿ ಸಣ್ಣ ಮೀನಿಗೆ, ಕೋಳಿಕರುಳು ದೊಡ್ಡದಕ್ಕೆ ಎಂದದ್ದು ಸರಿಯಿತ್ತು. ಅದು ಅಬ್ಬಾನದು, ಅದಕ್ಕೇ ಸರಿಯಿತ್ತು. ಆದರೆ ನಾಲ್ಕನೆಯ ಪಾಠದಲ್ಲಿ ಬೆರಳು ಆಡಿಸುತ್ತ ಹೇಳಿದೆಯಲ್ಲ, ಬೆಂಡು ಮುಳುಗಿದ ಕೂಡಲೇ ಎಳೆಯಬೇಕು, ತಡಮಾಡುವವನು ಕೈ ತೊಳೆದುಕೊಳ್ಳುತ್ತಾನೆ ಎಂದು? ಗುರುವಿನ ಮಾತೆಂದು ಹಾಗೇ ಮಾಡಿದೆ. ಮೂರು ಬಾಳೆಮೀನು ಬಂದವು, ಮೂರು ಸಲವೂ ಬರಿ ಗಾಳ ಮೇಲೆ ಬಂತು. ಮೂರನೆಯ ಸಲ ದಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಷ್ಟು ವರ್ಷ ನೀನು ಆಲಮಟ್ಟಿ ಹಿನ್ನೀರಿನಲ್ಲಿ ಅಂಗೈಯಗಲದ ಮೀನು ಹಿಡಿದು ಕ್ಯಾಮೆರಾಕ್ಕೆ ಹತ್ತಿರ ತಂದು ತೋರಿಸುವುದು ಯಾಕೆಂದು ಆಗ ಗೊತ್ತಾಯಿತು.

ನಾನು ನಗುವುದನ್ನು ಅಮೀನುದ್ದೀನ ಕಾಕಾ ತೆಪ್ಪದಿಂದ ನೋಡಿದರು. ಎಪ್ಪತ್ತು ದಾಟಿದರೂ ಇನ್ನೂ ಬಲೆ ಬಿಡುತ್ತಾರೆ. ಹತ್ತಿರ ಬಂದು, ಮಾಸ್ತರರ ಮಗಳಾಗಿ ಮಗ್ಗಿ ಮರೆತೆಯಾ ಎಂದು ಕೇಳಿದರು. ನಾನು ಏನೂ ಹೇಳುವ ಮೊದಲೇ ಅವರ ಬಾಯಿಂದ ಆ ಮಾತು ಬಿತ್ತು: "ನಿಮ್ಮಪ್ಪಗ ಗೊತ್ತಿತ್ತವಾ. ಅವತ್ತ ತಿರುಗಿ ಮನಿಗೆ ಹೋಗೂವಾಗ ನನಗ ಅಂದ, ನನ್ನ ಮಗಗ ಹದಿನೇಳ ಐದ್ಲೆ ಮುಂದ ಬರೂದಿಲ್ಲ, ಈ ಮೀನ ಪೂರ್ತಿ ಮಗ್ಗಿ ಕೇಳಿ ಬಂದೈತಿ ಅಂತ." ಹಾಗಾದರೆ ಯಾಕೆ ಸುಮ್ಮನಿದ್ದರು ಎಂದೆ. ಗಂಡುಹುಡುಗ, ಮಂದಿಯೆದುರು ಮಾನ ಹೋಗುತ್ತದೆ, ಹೆಣ್ಣುಮಗಳಾದರೆ ಮರೆಯುತ್ತಾಳೆ ಎಂದರಂತೆ. ಇದನ್ನು ಕೇಳಿ ನನ್ನ ಮನಸ್ಸು ತಣ್ಣಗಾಯಿತು ಎಂದು ನೀನು ಆಸೆಪಡಬೇಡ. ಅಬ್ಬಾನಿಗೆ ಗೊತ್ತಿರಲಿಲ್ಲ ಎಂಬುದೊಂದೇ ನನಗೆ ಇಷ್ಟು ವರ್ಷ ಇದ್ದ ಸಮಾಧಾನ. ಗೊತ್ತಿದ್ದೂ ಅರಿಶಿಣ ಹಚ್ಚಿ, ಗೊತ್ತಿದ್ದೂ ನಿನ್ನನ್ನು ಫೋಟೋ ತೆಗೆಸಲು ಸಿಂದಗಿಗೆ ಕರೆದೊಯ್ದು, ಗೊತ್ತಿದ್ದೂ ಅದಕ್ಕೆ ಮೊಳೆ ಹೊಡೆದರು. ಆವತ್ತು ಹೊಳೆಯಿಂದ ಮನೆಗೆ ಬಂದವಳು ಅವರ ಗೋರಿಯ ಕಡೆ ಹೋಗಲೇ ಇಲ್ಲ. ಎರಡು ಶುಕ್ರವಾರ ಹೋಗಲಿಲ್ಲ. ಸತ್ತವರ ಮೇಲಿನ ಸಿಟ್ಟಿಗೆ ಎಲ್ಲಿ ಹೋಗಬೇಕು ಹೇಳು? ಅದಕ್ಕೇ ಅದನ್ನೂ ನಿನ್ನ ಪಾಲಿಗೇ ಸೇರಿಸಿದ್ದೇನೆ. ಕೋಲು ಒಯ್ದವನು ಅದನ್ನೂ ಒಯ್ಯಬೇಕು.

ಕಳೆದ ಭಾನುವಾರದ ಸುದ್ದಿ ಕೇಳು. ಅದೇ ಮಡು, ಅದೇ ಮರಳು. ಹನ್ನೊಂದು ಗಂಟೆಯ ಹೊತ್ತಿಗೆ ದಾರ ಹೊರಟಿತು. ನಾನು ಈ ಸಲ ಜೋರಾಗಿಯೇ ಹೇಳಿದೆ, ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಲಕ್ಕವ್ವ ಕಲ್ಲು ಬಿಟ್ಟು ಎದ್ದು ನಿಂತಳು. ಹದಿನೇಳ ಆರ್ಲೆ ನೂರಾ ಎರಡು ಅನ್ನುವಾಗ ದಾರ ನಿಂತಿತು. ಒಂಬತ್ಲೆ ನೂರಾ ಐವತ್ಮೂರು, ಹತ್ಲೆ ನೂರಾ ಎಪ್ಪತ್ತು. ಎಳೆದೆ. ಅರ್ಧ ತಾಸು ಹಿಡಿಯಿತು. ಯಾರೂ ನನ್ನನ್ನು ಬದಿಗೆ ತಳ್ಳಲಿಲ್ಲ, ಕಿವಿರಿಗೆ ನಾನೇ ಕೈ ಹಾಕಿದೆ. ಹನ್ನೆರಡೂವರೆ ಕಿಲೋ. ನಿನ್ನದಕ್ಕಿಂತ ದೊಡ್ಡದು ಎಂದು ಬರೆಯಲು ಹೋದೆ, ತಪ್ಪು, ಅದೂ ನನ್ನದೇ. ಹಸಿ ಗೋಣಿಚೀಲದಲ್ಲಿ ಸುತ್ತಿ ಸಿಂದಗಿ ಬಸ್ಸು ಹತ್ತಿದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು ಹಿಂದಿನ ಸೀಟಿಗೆ ಕಳಿಸಿದ, ಸಂತೋಷದಿಂದ ಹೋದೆ. ಸ್ಟುಡಿಯೋದಲ್ಲಿ ಈಗ ಹಳೆಯ ಸಾಹೇಬರ ಮಗ ಯುನೂಸ ಕೂರುತ್ತಾನೆ. ನಿನ್ನ ಫೋಟೋಕ್ಕೆ ಹಿಂದೆ ಹಾಕಿದ್ದ ನೀಲಿ ಗುಡ್ಡದ ಪರದೆ ಅಟ್ಟದ ಮೇಲಿತ್ತು, ಇಳಿಸಲು ಹೇಳಿದೆ. ನೀನು ನಿಂತಂತೆಯೇ ಬಲಗಾಲು ಮುಂದಿಟ್ಟು ನಿಂತೆ. ಒಂದೇ ವ್ಯತ್ಯಾಸ, ನಾನು ಅಂಗೈ ಕಾಣುವಂತೆ ಹಿಡಿದಿದ್ದೇನೆ.

ಈಗ ಅದು ಪಡಸಾಲೆಯಲ್ಲಿ ಅಬ್ಬಾ ಹೊಡೆದ ಮೊಳೆಯ ಮೇಲೇ ಇದೆ. ನಿನ್ನದನ್ನು ಒಡೆದಿಲ್ಲ, ಸುಟ್ಟಿಲ್ಲ, ನಾನು ಅಂಥವಳಲ್ಲ. ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ಕಳೆದುಹೋಗಿತ್ತು, ಅಳತೆ ಸರಿಯಾಗಿ ಕೂತಿತು. ದಿನಾ ರೊಟ್ಟಿಗೆ ಹಿಟ್ಟು ತೆಗೆಯುವಾಗ ನಿನ್ನ ಮುಖ ನೋಡುತ್ತೇನೆ, ಆದ್ದರಿಂದ ಮರೆತಿದ್ದೇನೆಂದು ತಿಳಿಯಬೇಡ. ಅಮ್ಮಾ ಹೊಸ ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ "ಅಂವಾನೂ ನನ್ನ ಹೊಟ್ಯಾಗ ಹುಟ್ಟಿದಾಂವ, ಡಬ್ಬಿ ಮ್ಯಾಲ ಬ್ಯಾಡ" ಅಂದಳು. ಮೀನಿನ ಸಾರು ಎರಡು ಸಲ ಹಾಕಿಸಿಕೊಂಡಳು. ಡಬ್ಬಿಯ ಮೇಲಿನದು ಹಾಗೇ ಇದೆ.

ಇನ್ನೇನು ಬರೆಯಲಿ. ಅತ್ತಿಗೆಗೆ ಸಲಾಂ, ಅಲ್ಮಾಸಳಿಗೆ ಎರಡೂ ಗಲ್ಲಕ್ಕೆ ಮುತ್ತು. ಮುದ್ದೇಬಿಹಾಳದ ನಿನ್ನ ಮಾವನಿಗೆ ನನ್ನ ಹೆಸರು ಹೇಳಿ ವಿಶೇಷವಾಗಿ ಸಲಾಂ ತಿಳಿಸು, ಅರಬಿ ಚೆನ್ನಾಗಿ ಒಣಗುತ್ತಿವೆ ಎಂದೂ ಹೇಳು. ಅಲ್ಲಾಹ್ ನಿನಗೆ ಗಟ್ಟಿ ಭುಜವನ್ನೂ ಗಟ್ಟಿ ನೆನಪನ್ನೂ ಕೊಡಲಿ.

ನಿನ್ನ ತಂಗಿ,
ಯಾಸ್ಮಿನ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ಇಪ್ಪತ್ತೊಂದರ ಭಾನುವಾರ ಅಬ್ಬಾನ ವರ್ಷದ ಫಾತಿಹಾ. ಎಲ್ಲರೂ ಬರುತ್ತಾರೆ, ನಿನ್ನ ಮಾವನಿಗೂ ನಾನೇ ಫೋನು ಮಾಡಿ ಕರೆದಿದ್ದೇನೆ. ಬರುವಾಗ ಕೋಲು ತಾ. ಊಟವಾದ ಮೇಲೆ ಅಮೀನುದ್ದೀನ ಕಾಕಾ ಎಲ್ಲರ ಮುಂದೆ ನಿನಗೆ ಹದಿನೇಳರ ಮಗ್ಗಿ ಹೇಳಲು ಹೇಳುತ್ತಾರೆ. ತಡವರಿಸದೆ ಹೇಳಿದರೆ ಕೋಲು ನಿನ್ನದು, ಡಬ್ಬಿಯ ಮೇಲಿನ ಫೋಟೋ ಮತ್ತೆ ಗೋಡೆಗೆ. ಆರರ ಹತ್ತಿರ ನಿಂತರೆ ಕೋಲು ಇಲ್ಲೇ ಉಳಿಯುತ್ತದೆ. ಇನ್ನೂ ಹನ್ನೊಂದು ದಿನ ಇದೆ, ಬಾಯಿಪಾಠ ಮಾಡು. ಆದರೆ ಮನೆಯಲ್ಲಿ ಜೋರಾಗಿ ಮಾಡಬೇಡ, ಅಲ್ಮಾಸ ಕೇಳಿಸಿಕೊಳ್ಳುತ್ತಾಳೆ. ಒಂದು ತಿಂಗಳಿನಿಂದ ದಿನಾ ಸಂಜೆ ಅವಳು ಅತ್ತಿಗೆಯ ಫೋನಿನಲ್ಲಿ ನನಗೆ ಅದೇ ಮಗ್ಗಿ ಒಪ್ಪಿಸುತ್ತಿದ್ದಾಳೆ, ಒಂದೂ ತಪ್ಪಿಲ್ಲ. ಇದನ್ನೇ ಯಾಕೆ ಕಲಿಯಬೇಕು ಫುಫೀ ಎಂದು ಕೇಳಿದಳು. ಹೇಳಿದ್ದೇನೆ.