ಕಾರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿದ ವಿಚಾರ

ಹಾಲ್ಕುರಿಕೆ
೨೩ ನವೆಂಬರ್ ೨೦೦೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಮೀನಾಕ್ಷಿಗೆ,

ಪ್ರೀತಿಯ ಎಂದು ಬರೆದದ್ದನ್ನು ನೋಡಿ ನಗಬೇಡ. ಮದುವೆಯಾಗಿ ಮೂವತ್ನಾಲ್ಕು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಎರಡನೇ ಕಾಗದ ಇದು. ಮೊದಲನೆಯದನ್ನು ಹೇಗೆ ಶುರು ಮಾಡಿದ್ದೆನೋ ನೆನಪಿಲ್ಲ, ನಿನಗೆ ಖಂಡಿತ ನೆನಪಿರುತ್ತದೆ. ನಿನ್ನ ಸೊಂಟ ನೋವು ಹೇಗಿದೆ? ಬಾಣಂತಿಗೂ ಮಗುವಿಗೂ ನೀರು ಹಾಕಲು ಅಲ್ಲೇ ಯಾರನ್ನಾದರೂ ಗೊತ್ತು ಮಾಡಿಕೋ, ನೀನು ಬಗ್ಗಬೇಡ ಎಂದು ಹೇಳಿ ಕಳಿಸಿದ್ದೆ. ನೀನು ಕೇಳಿರುವುದಿಲ್ಲ. ಜೀವಿತಾಳ ಹೊಲಿಗೆ ಪೂರ್ತಿ ಮಾಯಿತೇ? ಮಗು ಹಾಲು ಕುಡಿದ ಮೇಲೆ ಕಕ್ಕುವುದು ನಿಂತಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಶಿವಮೊಗ್ಗದ ಆ ಮನೆಯಲ್ಲಿ ಫೋನು ನಡುಮನೆಯಲ್ಲಿದೆ. ಗಂಟೆ ಹೊಡೆದರೆ ಬೀಗರು ಟೀವಿಯ ಸದ್ದು ಇಳಿಸುತ್ತಾರೆ, ನೀನು "ಹ್ಞೂಂ, ಸರಿ, ಇಡ್ತೀನಿ ಕಣ್ರೀ" ಅನ್ನುವುದು ಬಿಟ್ಟು ಇನ್ನೇನೂ ಹೇಳುವುದಿಲ್ಲ. ಹಾಗಾಗಿ ಕಾಗದ.

ಇಲ್ಲಿ ಎಲ್ಲ ನೀನು ಬಿಟ್ಟುಹೋದ ಹಾಗೇ ಇದೆ. ಕಲ್ಲಮ್ಮಕ್ಕ ಮನೆ ಆಳುತ್ತಿದ್ದಾಳೆ. ತಮ್ಮನಿಗೆ ಅರವತ್ತೆರಡಾಯಿತು ಎಂಬುದು ಅವಳಿಗೆ ಇನ್ನೂ ತಿಳಿದಿಲ್ಲ, ಊಟಕ್ಕೆ ಕೂತರೆ "ಇನ್ನೊಂದ್ ಮುದ್ದೆ ಇಕ್ಕುಸ್ಕಳ್ಲಾ" ಅನ್ನುತ್ತಾಳೆ. ನಿನ್ನ ಅಡುಗೆಮನೆಯ ಡಬ್ಬಗಳ ಜಾಗ ಬದಲಾಗಿದೆ. ಬಂದ ಮೇಲೆ ಜಗಳ ಆಡಬೇಡ, ಸದ್ದಿಲ್ಲದೆ ಮತ್ತೆ ಹಳೆಯ ಜಾಗದಲ್ಲಿಟ್ಟುಕೋ. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ತೆಂಗಿನಕಾಯಿಗೆ ಈಗ ಎಂಟು ತಿಂಗಳು. ಇನ್ನು ಮೂರು ತಿಂಗಳು ಯಾರೂ ಹತ್ತುವಂತಿಲ್ಲ.

ಈಗ ವಿಚಾರಕ್ಕೆ ಬರುತ್ತೇನೆ. ನೀನು ಹೋದ ಮೇಲೆ ನಮ್ಮ ಡೀಸೆಲ್ ಕಾರು ಒಂದು ಹೊಸ ಚಾಳಿ ಕಲಿತಿತ್ತು. ಹೇಳಿರಲಿಲ್ಲ, ಬೈಯಬೇಡ. ಚೆನ್ನಾಗಿ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಎಳೆತ ಬಿದ್ದುಹೋಗುವುದು. ಇಂಜಿನ್ ಆಫ್ ಆಗುವುದಿಲ್ಲ, ದನಿ ಇಳಿದು ಗಾಡಿ ಸೊರಗುತ್ತದೆ. ಸ್ವಲ್ಪ ಹೊತ್ತಿಗೆ ಏನೂ ಆಗದಂತೆ ಮತ್ತೆ ಎಳೆಯುತ್ತದೆ. ಮೊದಲ ಸಲ ತಿಪಟೂರಿನ ಸಂತೆಯಿಂದ ಬರುವಾಗ ಆಯಿತು, ಗೇರ್ ತಪ್ಪಿರಬೇಕು ಎಂದುಕೊಂಡೆ. ಎರಡನೇ ಸಲ ದಸರಾ ಆದ ಮೇಲೆ. ಮೂರನೇ ಸಲ ಅಕ್ಕನನ್ನು ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ. ಕೆ.ಬಿ. ಕ್ರಾಸ್ ದಾಟಿ, ತೆಂಗಿನ ಮಟ್ಟೆ ತುಂಬಿದ ಒಂದು ಲಾರಿಯನ್ನು ಹಿಂದಿಕ್ಕುತ್ತಿದ್ದೆ. ಎದುರಿಗೆ ಬಸ್ಸು ಕಾಣಿಸಿತು. ದೂರವೇ ಇತ್ತು, ದಾಟಿಕೊಳ್ಳಲು ಜಾಗ ಸಾಕಷ್ಟಿತ್ತು. ಸರಿಯಾಗಿ ಲಾರಿಯ ಪಕ್ಕಕ್ಕೆ ಬಂದಾಗ ಎಳೆತ ಬಿತ್ತು. ಲಾರಿಯವನು ಪುಣ್ಯಾತ್ಮ, ಅವನೇ ಮುಂದೆ ಹೋಗಿ ಜಾಗ ಬಿಟ್ಟ. ಅವನ ಹಿಂದೆ ಸೇರಿಕೊಂಡೆ. ಬಸ್ಸು ಹಾರನ್ ಬಾರಿಸಿಕೊಂಡು ಪಕ್ಕದಲ್ಲೇ ಹೋಯಿತು. ಅಕ್ಕ ಹಿಂದಿನ ಸೀಟಿನಿಂದ "ಯಾಕ್ಲಾ ವೀರಾ, ಗಾಡಿ ಹಿಂಗ್ ಸೊರಗೋಯ್ತು?" ಎಂದಳು, ಆಮೇಲೆ ಗುಬ್ಬಿ ಬರುವವರೆಗೂ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಡಿಸೆಂಬರ್ ಆರನೇ ತಾರೀಕು ನಾನೇ ಬಂದು ಮೂವರನ್ನೂ ಕರೆದುಕೊಂಡು ಬರುತ್ತೇನೆ ಎಂದು ಜೀವಿತಾಳಿಗೆ ಮಾತು ಕೊಟ್ಟಿದ್ದೇನಲ್ಲ, ಅದೇ ತಲೆಯಲ್ಲಿ ಕೂತಿತು. ಮೊಮ್ಮಗಳು ಮೊದಲ ಸಲ ಈ ಊರಿಗೆ ಬರುವುದು ಅಜ್ಜ ಓಡಿಸುವ ಕಾರಿನಲ್ಲಿ ಎಂದು ಬೀಗರ ಮುಂದೆ ಜಂಬ ಕೊಚ್ಚಿಕೊಂಡವನೂ ನಾನೇ. ಕಡೂರಿನಿಂದ ಇತ್ತ ಲಾರಿಗಳು ಹೇಗೆ ಬರುತ್ತವೆ ಎಂದು ನೀನೂ ನೋಡಿದ್ದೀಯ. ಹಸುಗೂಸನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಎಳೆತ ಬಿದ್ದರೆ ಏನು ಗತಿ?

ಗಂಗಯ್ಯನಿಗೆ ತೋರಿಸಿದೆ. ನಮ್ಮ ಟ್ರ್ಯಾಕ್ಟರ್ ರಿಪೇರಿ ಮಾಡುವ ಗಂಗಯ್ಯ ನಿನಗೆ ಗೊತ್ತಲ್ಲ, ಇಂಜಿನ್ ಕೆಮ್ಮಿದರೆ ಸಾಕು ಗಾಡಿಯ ಜಾತಕ ಹೇಳುವವನು. ಅವನು ಬಾನೆಟ್ ಎತ್ತಿ ಕಿವಿ ಕೊಟ್ಟ. ನಾನೂ ಕಿವಿ ಕೊಟ್ಟೆ. ನಾವು ಈ ಕಡೆಯವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ, ಎಲ್ಲಾದರೂ ಕೊಳೆತಿದೆಯೋ ಎಂದು ಒಡೆಯದೆಯೇ ಹೇಳುವವರು. ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಹಾಗೆ ಕೇಳಿದ ಕಿವಿ ನನ್ನದು. ದನಿ ಬಿದ್ದದ್ದು ನಾನೇ ಕೇಳಿದ್ದೇನೆ, ಅಂದಮೇಲೆ ದೋಷ ಇಂಜಿನ್ನಿನ ಒಳಗೇ ಇದೆ ಎಂದೆ. ಗಂಗಯ್ಯನೂ "ನೀವ್ ಕೇಳಿದ್ ಮೇಲೆ ಮುಗೀತು ಬುಡಿ ಯಜಮಾನ್ರೇ" ಎಂದ. ಡೀಸೆಲ್ ಫಿಲ್ಟರ್ ಬದಲಾಯಿಸಿದ, ಗಾಳಿಯ ಫಿಲ್ಟರ್ ಕೊಡವಿದ, ಅದರಿಂದ ನಾರಿನ ಪುಡಿ ಒಂದು ಹಿಡಿ ಬಿತ್ತು. ಇದೇ ಕಾರಣ ಎಂದು ಇಬ್ಬರೂ ಕಾಫಿ ಕುಡಿದೆವು. ನಾಲ್ಕೇ ದಿನಕ್ಕೆ ಮತ್ತೆ ಹಾಗೇ ಆಯಿತು.

ಅಷ್ಟರಲ್ಲಿ ತುಮಕೂರಿನ ಡೀಲರಿನಿಂದ ಒಂದು ಕಾಗದ ಬಂತು, ಇಂಗ್ಲಿಷಿನಲ್ಲಿ. ನಮ್ಮ ಚಿಕ್ಕಪ್ಪನ ಮೊಮ್ಮಗ ಜ್ಞಾನೇಶ, ತಿಪಟೂರು ಹೈಸ್ಕೂಲಿನ ಮೇಷ್ಟ್ರು, ಓದಿ ಹೇಳಿದ. ಈ ಮಾದರಿಯ ಕೆಲವು ಕಾರುಗಳಲ್ಲಿ ಓಡುತ್ತಿರುವಾಗ ಇಂಜಿನ್ನಿನ ಶಕ್ತಿ ತಟ್ಟನೆ ಕಡಿಮೆಯಾಗುವ ಸಂಭವ ಇದೆಯಂತೆ. ಅದಕ್ಕೆ ಕಾರಿನೊಳಗಿನ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಿಕೊಡುತ್ತಾರಂತೆ, ಪುಕ್ಕಟೆಯಾಗಿ. ಹಾಕಿಸುವುದೂ ಬಿಡುವುದೂ ಮಾಲೀಕರ ಇಷ್ಟ, ಹಾಕಿಸುವುದಾದರೆ ಒಪ್ಪಿಗೆಯ ರುಜು ಮಾಡಬೇಕು. ಕಾರಿನೊಳಗೆ ಕಂಪ್ಯೂಟರ್ ಇದೆ ಎಂಬುದೇ ನನಗೆ ಆವತ್ತು ಗೊತ್ತಾದದ್ದು. ಇಷ್ಟು ವರ್ಷ ಎಲ್ಲಿ ಕೂತಿತ್ತು ಎಂದು ಕೇಳಿದೆ, ಜ್ಞಾನೇಶ ನಕ್ಕ. ಕಾಗದದಲ್ಲಿ ಬರೆದಿದ್ದ ರೋಗ ಮಾತ್ರ ನಮ್ಮ ಗಾಡಿಯನ್ನೇ ನೋಡಿ ಬರೆದಂತಿತ್ತು. ನನ್ನ ಕಿವಿ ಸುಳ್ಳು ಹೇಳಿಲ್ಲ ಎಂದು, ಸುಳ್ಳಾಡುವುದಿಲ್ಲ, ಖುಷಿಯೇ ಆಯಿತು.

ಆದರೂ ರುಜು ಮಾಡಲು ಹದಿನೈದು ದಿನ ಹಿಡಿಯಿತು. ಗಂಗಯ್ಯ ಬಿಲ್‌ಕುಲ್ ಬೇಡ ಎಂದ. ತುರುವೇಕೆರೆಯ ಲಕ್ಷ್ಮಯ್ಯನವರು ಇಂಥದ್ದೇ ಕಾರಿಗೆ ಹಾಕಿಸಿದ್ದರಂತೆ. "ಆಮ್ಯಾಕೆ ಪಿಕಪ್ಪೇ ಇಲ್ಲ ಕಣ್ರೀ, ಏರು ಬಂದ್ರೆ ಸಾಕು ಉಬ್ಬಸ ಬಂದೋರಂಗೆ ಆಡ್ತದೆ, ಡೀಸೆಲ್ಲೂ ಜಾಸ್ತಿ ಕುಡೀತದೆ. ಹಳೇದ್ ಅಳಿಸ್ಬುಟ್ರೆ ತಿರುಗ ಬರಾಕಿಲ್ಲ" ಎಂದು ಹೆದರಿಸಿದ. ಜ್ಞಾನೇಶ ಹಾಕಿಸಲೇಬೇಕು ಎಂದ. ಮಾಡಿದವರೇ ತಪ್ಪಿದೆ ಎಂದು ಬರೆದು ಕಳಿಸಿರುವಾಗ ಬೇಡ ಎನ್ನುವುದಕ್ಕೆ ನಿಮಗೇನು ಬಂದಿದೆ ದೊಡ್ಡಪ್ಪ ಎಂದು ಕೇಳಿದ. ಅಕ್ಕ ಯಾರ ಪರವೂ ಅಲ್ಲ, "ಆ ಗಾಡಿಗೆ ನಾನಂತೂ ಹತ್ತಾಕಿಲ್ಲ" ಎಂದಳು, ಅಷ್ಟೆ. ನನಗೆ ಎರಡು ಕಡೆಯೂ ಸರಿ ಅನ್ನಿಸುತ್ತಿತ್ತು. ಹೊತ್ತಿಗೆ ಮುಂಚೆ ಅಟ್ಟ ಹತ್ತಿ ಕೈಯಾಡಿಸಿದರೆ ಇಡೀ ವರ್ಷದ ಕೊಬ್ಬರಿ ಕೆಡುತ್ತದೆ ಎಂದು ಅಪ್ಪ ನನ್ನ ಕೈಗೆ ಒಂದು ಏಟು ಕೊಟ್ಟೇ ಕಲಿಸಿದ್ದರು. ಮುಟ್ಟದೆ ಬಿಡುವುದೇ ಒಂದು ಕೆಲಸ ಎಂದು ನಂಬಿದವರು ನಾವು. ಎಳೆತ ಬೀಳುವುದೇನೋ ಎಂಟು ಹತ್ತು ದಿನಕ್ಕೊಮ್ಮೆ. ಅದಕ್ಕಾಗಿ ಪಿಕಪ್ಪನ್ನೇ ಶಾಶ್ವತವಾಗಿ ಕಳೆದುಕೊಂಡರೆ, ಲಾರಿ ಹಿಂದಿಕ್ಕುವುದು ಇನ್ನೂ ಕಷ್ಟ. ಹೀಗೆ ತೂಗಿ ತೂಗಿ ತಲೆ ಕೆಟ್ಟುಹೋಯಿತು. ನೀನಿದ್ದಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ, ಆಮೇಲೆ ತಪ್ಪಾದರೆ ನಿನ್ನ ಮೇಲೆ ಹಾಕಬಹುದಿತ್ತು.

ಕೊನೆಗೆ ಹೋದ ಗುರುವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಹೊರಟೇಬಿಟ್ಟೆ. ಪಾರ್ಟು ಗೀರ್ಟು ಬದಲಾಯಿಸಿಬಿಟ್ಟಾರು ಎಂದು ಕಾವಲಿಗೆ ಗಂಗಯ್ಯನೂ ಬಂದ. ಸರ್ವೀಸ್ ಸೆಂಟರಿನಲ್ಲಿ ಮೋಹನ್ ಎಂಬ ಹುಡುಗನಂಥ ಇಂಜಿನಿಯರ್, ಮಾತು ಮೃದು. ರುಜು ಹಾಕುವ ಮೊದಲು ಹಳೆಯದನ್ನು ಎಲ್ಲಾದರೂ ಎತ್ತಿಡುತ್ತೀರಾ, ಬೇಕಾದರೆ ವಾಪಸು ಹಾಕಲು ಬರುತ್ತದಾ ಎಂದು ಕೇಳಿದೆ. ಇಲ್ಲ ಎಂದ. ಜೇಬಿನಲ್ಲಿದ್ದ ಕೂಸಿನ ಫೋಟೋ ಒಮ್ಮೆ ತೆಗೆದು ನೋಡಿ ರುಜು ಮಾಡಿದೆ. ಬಾನೆಟ್ಟನ್ನು ಎತ್ತಲೇ ಇಲ್ಲ ಕಣೇ. ಸ್ಟೀರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ಮುಂದೆ ಕೂತ, ಮುಕ್ಕಾಲು ಗಂಟೆಯಲ್ಲಿ ಆಯಿತು ಎಂದ. ಗಂಗಯ್ಯನಿಗೆ ಭಾರಿ ನಿರಾಸೆ, ಕಾಯಲು ಅವನಿಗೆ ಏನೂ ಇರಲಿಲ್ಲ. ಆಮೇಲೆ ಒಂದು ಸುತ್ತು ಓಡಿಸಿ ನೋಡಿದೆವು. ಪಿಕಪ್ ಏನೂ ಕಡಿಮೆಯಾಗಿಲ್ಲ, ಲಕ್ಷ್ಮಯ್ಯನವರ ಗಾಡಿಯ ಕತೆ ಅವರಿಗೇ ಇರಲಿ. ಹೊಗೆ ಕಡಿಮೆ ಬರುತ್ತದೆ. ಸಂಜೆ ಐದಕ್ಕೆಲ್ಲ ಮನೆ ಸೇರಿದೆವು. ಕಾರಿಗೆ ಈಗ ಯಾವ ಕೊರತೆಯೂ ಇಲ್ಲ. ಆರನೇ ತಾರೀಕು ಮಧ್ಯಾಹ್ನದ ಹೊತ್ತಿಗೆ ಅದು ನಿಮ್ಮ ಬಾಗಿಲಲ್ಲಿ ಇರುತ್ತದೆ.

ಬರುವಾಗ ಮಗುವಿಗೆ ಕುಲಾವಿ ಹಾಕು, ಅರಸೀಕೆರೆ ದಾಟಿದ ಮೇಲೆ ಗಾಳಿ ಜಾಸ್ತಿ. ತೊಟ್ಟಿಲನ್ನು ಬಡಗಿ ಸರಿಮಾಡಿ ಕೊಟ್ಟಿದ್ದಾನೆ. ಜೀವಿತಾಳಿಗೂ ಕೂಸಿಗೂ ಗುರು ಆಯಸ್ಸು ಆರೋಗ್ಯ ಕೊಡಲಿ. ಅಳಿಯಂದಿರಿಗೂ ಬೀಗರಿಗೂ ನನ್ನ ಶರಣು ತಿಳಿಸು. ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ
ವೀರಭದ್ರಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯುವುದು ಬೇಡ ಎಂದುಕೊಂಡಿದ್ದೆ. ಜ್ಞಾನೇಶ ಕಾಗದ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆವತ್ತು ಓಡಿಸಿ ನೋಡಿದೆವು ಎಂದೆನಲ್ಲ, ಪಕ್ಕದಲ್ಲಿ ಮೋಹನ್ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೊಸ ಸಾಫ್ಟ್‌ವೇರ್ ಹಾಕಿದ ಮೇಲೂ ಎಳೆತ ಬಿತ್ತು. ಕೇಳಿ, ಈಗ ಬಿತ್ತು ಕೇಳಿ ಎಂದೆ. ಅವನು "ನೀವು ಕಾಲು ತೆಗೆದಿದ್ದೀರಿ ಸರ್" ಎಂದ. ಇಲ್ಲಪ್ಪಾ, ಒತ್ತಿಕೊಂಡೇ ಇದ್ದೇನೆ ಎಂದೆ. ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಆಕ್ಸಿಲರೇಟರ್ ಎಂದು ಇರುವ ಕಡೆ ಸೊನ್ನೆ ಇತ್ತು. ಬಗ್ಗಿ ನೋಡಿದೆ. ನನ್ನ ಬಲಗಾಲು ಪೆಡಲಿನ ಪಕ್ಕ, ಮ್ಯಾಟಿನ ಮೇಲೆ ಇತ್ತು. ಜಾರಿದ್ದು ನನಗೆ ಗೊತ್ತೇ ಆಗಿರಲಿಲ್ಲ ಮೀನಾಕ್ಷಿ. ಬಹಳ ಹೆದರಿಕೆಯಾಯಿತು. ಹಿಂದಿನ ನಾಲ್ಕು ಸಲವೂ ಇದೇ ಇರಬೇಕು. ಇಂಜಿನ್ನಿನ ದನಿ ಕೇಳಿಸಿಕೊಂಡು ಕೂತೆವೇ ಹೊರತು ಯಾರೂ ನನ್ನ ಕಾಲು ನೋಡಲಿಲ್ಲ, ನಾನೂ ನೋಡಲಿಲ್ಲ. ಮನೆಗೆ ಗಂಗಯ್ಯ ಓಡಿಸಿಕೊಂಡು ಬಂದ. ಶನಿವಾರ ತಿಪಟೂರಿನಲ್ಲಿ ಡಾಕ್ಟರಿಗೆ ತೋರಿಸಿದೆ. ನನ್ನ ಶುಗರ್ ವಿಚಾರ ನಿನಗೆ ಗೊತ್ತಿರುವುದೇ, ಅದರಿಂದ ಪಾದದ ನರ ಸತ್ತಿದೆಯಂತೆ, ಇನ್ನು ಗಾಡಿ ಮುಟ್ಟಕೂಡದು ಎಂದರು. ಕೀಲಿಯನ್ನು ಗಂಗಯ್ಯನಿಗೆ ಕೊಟ್ಟಿದ್ದೇನೆ, ಆರನೇ ತಾರೀಕು ಅವನು ಓಡಿಸುತ್ತಾನೆ, ನಾನು ಹಿಂದೆ ನಿನ್ನ ಪಕ್ಕ ಕೂರುತ್ತೇನೆ. ಜೀವಿತಾಳಿಗೆ ನೀನೇ ಹೇಗಾದರೂ ಹೇಳು. ಕೂಸನ್ನು ಮಾತ್ರ ದಾರಿಯುದ್ದಕ್ಕೂ ನನ್ನ ಕೈಗೆ ಕೊಡಬೇಕು. ಡಾಕ್ಟರು ಎರಡು ಕೈಗೂ ಸೂಜಿ ಚುಚ್ಚಿ ನೋಡಿದರು, ಎರಡೂ ಚೆನ್ನಾಗಿ ನೋಯಿತು.