ದಡ ಸೇರಿದ ದಡ್ಡ

ಮೇ ೧೨, ನಾಗಪುರ

ತಪ್ಪೊಪ್ಪಿಗೆ: ಈ ಬಿಸಿಲೂರಿನ ಈಜುಕೊಳದಿಂದ ಇವತ್ತು ಎರಡು ಲೋಟ ನೀರನ್ನು ಹೊಟ್ಟೆಯಲ್ಲಿ ಅಡಗಿಸಿ ಸಾಗಿಸಿದ್ದೇನೆ.

ನೀರಿನ ಭಯ ಬಿಡುವುದು ನನ್ನ ಈ ವರ್ಷದ ಗುರಿ. ನನ್ನ ಈಜಿನ ಗುರು ಪಕ್ಕದ ಮನೆಯ ಪೊನ್ನಪ್ಪ, ವಾಯುಸೇನೆಯಿಂದ ನಿವೃತ್ತರು. "ಚಲೋ ಡಾಕ್ಟ್ರೇ, ಇವತ್ತು ಆಚೆ ದಡ!" ಎಂದರು.

"ಹೆದರ್ಬೇಡಿ, ನೀವು ಮುಳುಗಿದ್ರೆ ನಾನೂ ಹಾರ್ತೀನಿ," ಎಂದಳು ದಡದಲ್ಲಿ ಕೂತಿದ್ದ ಹೆಂಡತಿ ಮೃಣಾಲಿನಿ.

"ನಿಂಗೆ ಈಜು ಬರಲ್ವಲ್ಲೇ!"

"ಜೊತೆಗಿರ್ತೀನಲ್ಲ!"

ಇಂಥವಳು ಸಿಕ್ಕ ಪುಣ್ಯಕ್ಕೆ ಮನಸ್ಸಲ್ಲೇ ಕೈಮುಗಿದು, ಕಣ್ಣು ಮುಚ್ಚಿ ನೀರಿಗೆ ಬಿದ್ದೆ. ಕೈ ಬಡಿದೆ, ಕಾಲು ಬಡಿದೆ, ಮುಳುಗಲಿಲ್ಲ! ದಡ ಮುಟ್ಟಿದಾಗ ಎದೆ ಉಬ್ಬಿ ಬಂತು. ಎದುರಿಗೇ ಚಪ್ಪಾಳೆ ತಟ್ಟುತ್ತಿದ್ದ ಮೃಣಾಲಿನಿಯನ್ನು, "ನನಗಿಂತ ಮೊದಲೇ ಇಲ್ಲಿಗೆ ಹೇಗೆ ಬಂದೆ?" ಎಂದು ಕೇಳಿದೆ.

ಅವಳು ಕೂತಲ್ಲಿಂದ ಎದ್ದೇ ಇರಲಿಲ್ಲ. ನಾನೇ ಒಂದು ಸುತ್ತು ಹೊಡೆದು, ಹೊರಟ ದಡಕ್ಕೇ...